ಕಲೆಯ ಮೂಲಾಂಶಗಳು ಮತ್ತು ವಿನ್ಯಾಸತತ್ವಗಳು: ಮಲಪ್ರಭಾ ಸೀಮೆಯ ಕಸೂತಿಯ ಹಿನ್ನೆಲೆಯಲ್ಲಿ

ಕಲೆಯ ಮೂಲಾಂಶಗಳು ಎಂದೊಡನೆ ಬಿಂದು, ರೇಖೆ, ಆಕಾರ, ಘನರೂಪ, ವರ್ಣ, ಛಾಯೆ, ಮೈವಳಿಕೆ, ಅವಕಾಶ ಎಂಬ ಒಂದು ಪಟ್ಟಿಯನ್ನೂ, ವಿನ್ಯಾಸತತ್ವಗಳು ಎಂದೊಡನೆ ಸಮತೋಲನ, ಲಯ, ಪ್ರಮಾಣ, ವೈದೃಶ್ಯ, ಪ್ರಾಧಾನ್ಯ, ಏಕತೆ ಎಂಬ ಮತ್ತೊಂದು ಪಟ್ಟಿಯನ್ನೂ ಕಲಾಪಠ್ಯಗಳು ನೀಡುತ್ತ ಬಂದಿವೆ. ಮೊದಲ ಪಟ್ಟಿಯಲ್ಲಿರುವುದು ಸಾಮಗ್ರಿ. ಎರಡನೆಯದರಲ್ಲಿರುವುದು ಆ ಸಾಮಗ್ರಿಯನ್ನು ಜೋಡಿಸುವ ನಿಯಮ. ಅಕ್ಷರಕ್ಕೂ ವ್ಯಾಕರಣಕ್ಕೂ ಇರುವ ಸಂಬಂಧವೇ ಇವುಗಳ ನಡುವೆ ಇದೆ ಎಂಬ ಹೋಲಿಕೆಯೂ ರೂಢಿಯಲ್ಲಿದೆ. ಚಿತ್ರಕಲೆಯ ಮಟ್ಟಿಗೆ ಈ ವಿಭಜನೆ ಉಪಯುಕ್ತವಾದುದೇ. ಆದರೆ ಇದು ಎಲ್ಲ ಕಲೆಗಳಿಗೂ ಸಲ್ಲುತ್ತದೆ ಎಂದು ಭಾವಿಸಿ ಜನಪದ ಕಲೆಗಳ ವಿವರಣೆಗೆ ಹಾಗೆಯೇ ಬಳಸಿದಾಗ ಏನಾಗುತ್ತದೆ ಎಂಬುದನ್ನು ಸಾಕಷ್ಟು ಪರಿಶೀಲಿಸಿದಂತಿಲ್ಲ. ಪ್ರಸ್ತುತ ಲೇಖನದಲ್ಲಿ ಬೆಳಗಾವಿ–ಧಾರವಾಡ ಭಾಗದ ಕಸೂತಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಚರ್ಚಿಸಲಾಗಿದೆ.

ಪಟ್ಟಿಗಳ ಪೂರ್ವೇತಿಹಾಸ

ಈ ಎರಡು ಪಟ್ಟಿಗಳಿಗೆ ಒಂದು ನಿರ್ದಿಷ್ಟ ಚರಿತ್ರೆಯಿದೆ. ಇಂಗ್ಲೆಂಡಿನಲ್ಲಿ ಓವೆನ್ ಜೋನ್ಸ್ 1856ರಲ್ಲಿ ‘ಅಲಂಕರಣದ ವ್ಯಾಕರಣ’ ಎಂಬ ಅರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದನು. ಭಾರತವೂ ಸೇರಿದಂತೆ ಹಲವು ದೇಶಗಳ ಅಲಂಕಾರ ಮಾದರಿಗಳನ್ನು ಒಟ್ಟುಗೂಡಿಸಿ ಅವುಗಳ ಹಿಂದೆ ಸಾಮಾನ್ಯ ನಿಯಮಗಳಿವೆಯೆಂದು ತೋರಿಸುವುದು ಅವನ ಉದ್ದೇಶವಾಗಿತ್ತು. ವಾಲ್ಟರ್ ಕ್ರೇನ್ 1900ರಲ್ಲಿ ರೇಖೆ ಮತ್ತು ರೂಪಗಳನ್ನು ಕುರಿತು, ಅಮೆರಿಕದ ಡೆನ್ಮನ್ ರಾಸ್ 1907ರಲ್ಲಿ ಶುದ್ಧ ವಿನ್ಯಾಸದ ಸಿದ್ಧಾಂತವನ್ನು ಕುರಿತು ಬರೆದರು. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಆರಂಭವಾದ ಬೌಹೌಸ್ ಕಲಾಶಾಲೆಯಲ್ಲಿ ಈ ಚಿಂತನೆ ಬೋಧನಕ್ರಮದ ರೂಪ ಪಡೆಯಿತು. ಅಲ್ಲಿ ಪಾಠ ಹೇಳುತ್ತಿದ್ದ ಕಾಂಡಿನ್ಸ್ಕಿ 1926ರ ತನ್ನ ಗ್ರಂಥದಲ್ಲಿ ಬಿಂದುವಿನಿಂದ ಹೊರಟು, ಚಲಿಸುವ ಬಿಂದುವಿನ ಜಾಡೇ ರೇಖೆಯೆಂದು ನಿರೂಪಿಸಿ, ಅಲ್ಲಿಂದ ಸಮತಲಕ್ಕೆ ಬರುತ್ತಾನೆ. ಬಿಳಿಯ ಕಾಗದ, ಅದರ ಮೇಲೆ ಸ್ವತಂತ್ರವಾಗಿ ಚಲಿಸುವ ಕೈ, ಇವೆರಡೂ ಈ ನಿರೂಪಣೆಯ ಹಿಂದಿರುವ ಗ್ರಹೀತಗಳು.

ಬೆಳಗಾವಿ, ಧಾರವಾಡ ಜಿಲ್ಲೆಗಳು 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾರಣ ಇಲ್ಲಿನ ಕಲಾಶಿಕ್ಷಣವು 1857ರಲ್ಲಿ ಸ್ಥಾಪಿತವಾದ ಮುಂಬಯಿಯ ಜೆ.ಜೆ. ಕಲಾಶಾಲೆಯ ಪ್ರಭಾವಕ್ಕೆ ಒಳಗಾಗಿತ್ತು. ಅದರ ಮೂಲಕ ಬಂದ ಪರಿಕಲ್ಪನೆಗಳು ಕನ್ನಡಕ್ಕೆ ಬಂದಾಗ ಅವುಗಳಿಗೆ ಸಂಸ್ಕೃತದ ಪದಗಳು ದೊರೆತವು. ಇದು ಸಹಜವೂ ಹೌದು. ‘ಪ್ರಮಾಣ’ದಂತಹ ಮಾತು ಕಾಮಸೂತ್ರದ ಮೇಲಿನ ಯಶೋಧರನ ವ್ಯಾಖ್ಯಾನದಲ್ಲಿ ಬರುವ ಚಿತ್ರದ ಷಡಂಗಗಳಲ್ಲೇ ಇತ್ತು, ರೂಪಭೇದ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗಗಳು ಉಳಿದ ಐದು ಅಂಗಗಳು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ ಚಿತ್ರರಚನೆಯ ವಿಸ್ತಾರವಾದ ವಿವೇಚನೆಯಿದೆ. ಹೀಗೆ ಆಂಗ್ಲ ಪರಿಕಲ್ಪನೆ ಮತ್ತು ಸಂಸ್ಕೃತ ಪರಿಭಾಷೆ ಎರಡೂ ಕೂಡಿ ಕನ್ನಡದ ಕಲಾಪಠ್ಯದ ಭಾಷೆ ಸಿದ್ಧವಾಯಿತು. ಈ ಕೂಡಿಕೆಯಲ್ಲಿ ಹೊರಗುಳಿದದ್ದು ಕೈಯಿಂದ ಕೆಲಸ ಮಾಡುವವರ ಕನ್ನಡ. ಮಾರ್ಗ–ದೇಸಿಗಳ ಚರ್ಚೆಯಲ್ಲಿ ನುರಿತ ಕನ್ನಡ ವಿಮರ್ಶೆ ಕಾವ್ಯದ ಸಂದರ್ಭದಲ್ಲಿ ಎತ್ತಿದ ಪ್ರಶ್ನೆಯನ್ನು ದೃಶ್ಯಕಲೆಯ ಪರಿಭಾಷೆಯ ಸಂದರ್ಭದಲ್ಲಿ ಅಷ್ಟಾಗಿ ಎತ್ತಲಿಲ್ಲವೆಂಬುದು ಸೋಜಿಗದ ಸಂಗತಿ.

ಸೀಮೆ ಮತ್ತು ಸೀರೆ

ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಸಾಗುವ ದಾರಿಯಲ್ಲಿರುವ ಯರಗಟ್ಟಿ ಬಹುಕಾಲ ಸವದತ್ತಿ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಒಂದು ಕಡೆ ಬೈಲಹೊಂಗಲ ಮತ್ತು ಕಿತ್ತೂರು, ಮತ್ತೊಂದು ಕಡೆ ರಾಮದುರ್ಗ, ದಕ್ಷಿಣಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ನೆಲೆಗಳಲ್ಲಿ ಒಂದಾದ ಓಂಕುಂದ, ಅಂದರೆ ಇಂದಿನ ಒಕ್ಕುಂದ, ಬೈಲಹೊಂಗಲ ತಾಲ್ಲೂಕಿನಲ್ಲಿದೆ. ಓದುಬರಹದ ಅಭ್ಯಾಸವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದ ಜನರೆಂದು ಆ ಗ್ರಂಥ ಹೇಳುವ ಮಾತನ್ನು ನುಡಿಯ ಸಂದರ್ಭದಲ್ಲಿ ಮತ್ತೆ ಮತ್ತೆ ನೆನೆಯಲಾಗಿದೆ. ಅದೇ ಸೀಮೆಯ ಹೆಣ್ಣುಮಕ್ಕಳ ಸೂಜಿಯ ಕೆಲಸಕ್ಕೂ ಆ ಮಾತನ್ನು ಅನ್ವಯಿಸಿ ನೋಡುವುದಕ್ಕೆ ಅಡ್ಡಿಯೇನೂ ಇಲ್ಲ.

ಈ ಭಾಗದಲ್ಲಿ ಕಸೂತಿಗೆ ಆಧಾರವಾದ ಬಟ್ಟೆಗಳಲ್ಲಿ ಮುಖ್ಯವಾದದ್ದು ಇಳಕಲ್ ಸೀರೆ. ಇದರ ಒಡಲಿನ ಹಾಸು ಮತ್ತು ಸೆರಗಿನ ಹಾಸು ಬೇರೆ ಬೇರೆ. ಮಗ್ಗದ ಮೇಲೆಯೇ ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಸೆರಗಿನಲ್ಲಿ ಕೆಂಪು–ಬಿಳಿಯ ಹಲ್ಲುಗಳಂತೆ ಮೂಡುವ ವಿನ್ಯಾಸಕ್ಕೆ ತೋಪುತೆನೆ ಎಂದು ಹೆಸರು. ‘ತೆನೆ’ ಎಂಬ ಮಾತಿಗೆ ಕನ್ನಡದಲ್ಲಿ ಜೋಳದ ತೆನೆ ಎಂಬ ಅರ್ಥವೂ ಕೋಟೆಯ ತೆನೆ ಎಂಬ ಅರ್ಥವೂ ಇರುವುದನ್ನು ಇಲ್ಲಿ ಗಮನಿಸಬೇಕು. ಎರಿಹೊಲದ ಜೋಳವೂ ಕಿತ್ತೂರಿನಂತಹ ಊರುಗಳ ಕೋಟೆಯೂ ಕಣ್ಣೆದುರಿಗಿದ್ದ ಸೀಮೆಯಲ್ಲಿ ಒಂದೇ ಆಕಾರ ಎರಡನ್ನೂ ಸೂಚಿಸಬಲ್ಲುದಾಗಿತ್ತು. ಕರಿಯ ಬಣ್ಣದ ಚಂದ್ರಕಾಳಿ ಸೀರೆಯ ಮೇಲೆ ಹಾಕಿದ ಕಸೂತಿ ವಿಶೇಷವಾಗಿ ಮನ್ನಣೆ ಪಡೆದಿತ್ತು. ಮದುವೆ, ಕುಬಸ ಮೊದಲಾದ ಸಂದರ್ಭಗಳಿಗೂ ಇದಕ್ಕೂ ನಂಟಿದೆ. ಸೀರೆಯ ಜೊತೆಗೆ ಕುಪ್ಪಸದ ಖಣ, ಕೂಸಿನ ಕುಲಾಯಿ ಮುಂತಾದವುಗಳ ಮೇಲೆಯೂ ಕಸೂತಿ ಕಾಣುತ್ತದೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಕ್ರಮವಿಲ್ಲ. ಬಟ್ಟೆಯ ಹಾಸು–ಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಸೂಜಿ ಇಳಿಸಬೇಕು. ಎಲ್ಲ ಸಂಗತಿಗಳೂ ಈ ಒಂದು ಕಟ್ಟುಪಾಡಿನಿಂದಲೇ ಹೊರಡುತ್ತವೆ.

ಎಳೆ ಎಂಬ ಮೂಲಾಂಶ

ಕಾಂಡಿನ್ಸ್ಕಿಯ ಕ್ರಮದಂತೆ ಕಸೂತಿಯಲ್ಲಿ ಬಿಂದುವನ್ನು ಹುಡುಕಿದರೆ ಅದು ಸಿಗುವುದಿಲ್ಲ. ಇಲ್ಲಿನ ಅತಿ ಚಿಕ್ಕ ಘಟಕವೆಂದರೆ ಒಂದು ಹೊಲಿಗೆ. ಅದು ಸೂಜಿ ಮೇಲೆದ್ದ ತಾಣ ಮತ್ತು ಕೆಳಗಿಳಿದ ತಾಣಗಳ ನಡುವಣ ಅಂತರ. ಅಂದರೆ ಹುಟ್ಟುವಾಗಲೇ ಅದಕ್ಕೆ ಉದ್ದವಿದೆ, ದಿಕ್ಕಿದೆ, ಅಳತೆಯಿದೆ. ಆ ಉದ್ದ ಇಂತಿಷ್ಟು ಎಳೆ ಎಂಬ ಸಂಖ್ಯೆಯೂ ಆಗಿದೆ. ರಂಗೋಲಿಯ ಚುಕ್ಕಿಯೊಡನೆ ಇದನ್ನು ಹೋಲಿಸಬಹುದು. ಅಲ್ಲಿ ಚುಕ್ಕಿ ಇದೆ, ಆದರೆ ಅದು ಚಲಿಸಿ ರೇಖೆಯಾಗುವುದಿಲ್ಲ. ಎಳೆ ಎಲ್ಲಿ ಬಾಗಬೇಕು, ಎಲ್ಲಿ ಸುತ್ತಬೇಕು ಎಂಬುದನ್ನು ಹೇಳುವ ಗುರುತಾಗಿ ಅದು ತನ್ನ ಜಾಗದಲ್ಲೇ ಉಳಿಯುತ್ತದೆ. ಕಸೂತಿಯಲ್ಲಿ ಆ ಗುರುತುಗಳನ್ನು ನೇಕಾರನೇ ಬಟ್ಟೆಯೊಳಗೆ ಇಟ್ಟಿರುತ್ತಾನೆ.

ಕನ್ನಡದಲ್ಲಿ ‘ಗೆರೆ ಎಳೆ’ ಎನ್ನುತ್ತೇವೆ. ದಾರದ ಎಳೆಯೂ ಎಳೆಯೇ, ರಂಗೋಲಿಯ ಎಳೆಯೂ ಎಳೆಯೇ. ಈ ನಾಮಪದ ಮತ್ತು ಕ್ರಿಯಾಪದಗಳ ನಿಷ್ಪತ್ತಿಯ ಪ್ರಶ್ನೆ ಬೇರೆ; ಇಂದಿನ ಬಳಕೆಯಲ್ಲಂತೂ ವಸ್ತು ಮತ್ತು ಕ್ರಿಯೆ ಎರಡಕ್ಕೂ ಒಂದೇ ರೂಪವಿದೆ. ‘ರೇಖೆ’ ಎಂಬ ಪಾರಿಭಾಷಿಕ ಪದ ಎಳೆದಾದ ಮೇಲೆ ಉಳಿದದ್ದನ್ನು ಮಾತ್ರ ಹೆಸರಿಸುತ್ತದೆ. ‘ಎಳೆ’ ಎಂಬುದು ಎಳೆಯುವ ಕೈಯನ್ನೂ ಒಳಗೊಂಡಿದೆ. ಈ ವ್ಯತ್ಯಾಸ ಕೇವಲ ಪದಗಳದ್ದಲ್ಲವೆಂಬುದು ಹೊಲಿಗೆಗಳನ್ನು ಪರಿಶೀಲಿಸಿದಾಗ ಸ್ಪಷ್ಟವಾಗುತ್ತದೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆಗಳಿವೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿ ಎಂಬುದನ್ನು ಗಂಟಿನೊಡನೆಯೂ ನೇಗಿಯನ್ನು ನೇಯ್ಗೆಯೊಡನೆಯೂ ಸಂಬಂಧಿಸುವುದುಂಟು; ಮೆಂತೆ ಎಂಬುದು ಮೆಂತ್ಯದ ಕಾಳಿನ ಹೋಲಿಕೆಯಿಂದ ಬಂದ ಹೆಸರು.

ಗವಂತಿಯನ್ನು ಇಲ್ಲಿ ತುಸು ವಿವರವಾಗಿ ನೋಡುವುದು ಅಗತ್ಯ. ಸೂಜಿ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂಬಂತೆ ಸಾಗುತ್ತದೆನ್ನೋಣ. ಹೋಗುವಾಗ ಬಟ್ಟೆಯ ಮೇಲ್ಮುಖದಲ್ಲಿ ಬಿಟ್ಟು ಬಿಟ್ಟು ಮೂಡಿದ ತುಂಡು ಗೆರೆ ಮಾತ್ರ ಕಾಣುತ್ತದೆ. ಕೊನೆಯನ್ನು ಮುಟ್ಟಿದ ಸೂಜಿ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಹೋಗುವಾಗ ಬಿಟ್ಟದ್ದನ್ನು ಬರುವಾಗ ತುಂಬುತ್ತದೆ. ಆಗ ಗೆರೆ ಅಖಂಡವಾಗುತ್ತದೆ, ಬಟ್ಟೆಯ ಎರಡೂ ಮುಖಗಳಲ್ಲಿ ಒಂದೇ ಆಗಿ ಕಾಣುತ್ತದೆ. ದಾರದ ತುದಿಗೆ ಗಂಟು ಹಾಕುವಂತಿಲ್ಲ, ಏಕೆಂದರೆ ಗಂಟು ಒಂದು ಮುಖವನ್ನು ‘ಹಿಂಬದಿ’ಯನ್ನಾಗಿ ಮಾಡಿಬಿಡುತ್ತದೆ. ನಡುವೆ ಕವಲೊಡೆದರೆ, ಉದಾಹರಣೆಗೆ ಗೋಪುರದ ಅಂತಸ್ತಿನಿಂದ ಒಂದು ಚಿಕ್ಕ ಕಳಶ ಹೊರಟರೆ, ಆ ಕವಲಿನ ತುದಿಯವರೆಗೂ ಹೋಗಿ ಬಂದು ಮತ್ತೆ ಮುಖ್ಯದಾರಿಯನ್ನು ಹಿಡಿಯಬೇಕು. ಹೀಗಾಗಿ ಗೋಪುರವನ್ನು ಹೊಲಿಯುವವಳು ಮೊದಲು ಗೋಪುರದ ಆಕಾರವನ್ನು ನೆನೆದರೆ ಸಾಲದು, ಅದರೊಳಗಿನ ದಾರಿಯನ್ನು ನೆನೆಯಬೇಕು. ಎಲ್ಲಿಂದ ಹೊರಡಬೇಕು, ಯಾವ ಕವಲನ್ನು ಹೋಗುವಾಗ ಮುಗಿಸಬೇಕು, ಯಾವುದನ್ನು ಬರುವಾಗಿನ ಪಾಲಿಗೆ ಬಿಡಬೇಕು ಎಂಬ ನಿರ್ಧಾರ ಮೊದಲ ಹೊಲಿಗೆಗಿಂತ ಮುಂಚೆಯೇ ಆಗಿರಬೇಕು.

ಗಣಿತದಲ್ಲಿ ಇದಕ್ಕೆ ಹತ್ತಿರವಾದ ಪ್ರಶ್ನೆಯೊಂದು ಪ್ರಸಿದ್ಧವಾಗಿದೆ. ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ತಲಾ ಒಂದೇ ಬಾರಿ ದಾಟಿ ಬರಬಹುದೇ ಎಂಬ ಪ್ರಶ್ನೆಗೆ ಆಯ್ಲರ್ 1736ರಲ್ಲಿ ಸಾಧ್ಯವಿಲ್ಲವೆಂದು ಉತ್ತರಿಸಿದನು. ಪ್ರತಿ ಸೇತುವೆಯನ್ನು ಎರಡು ಬಾರಿ ದಾಟಬಹುದೆಂದರೆ ಮಾತ್ರ ಹೊರಟಲ್ಲಿಗೇ ಬಂದು ಸೇರುವುದು ಯಾವಾಗಲೂ ಸಾಧ್ಯ. ಗವಂತಿಯ ಹೋಗಿಬರುವ ಕ್ರಮದಲ್ಲಿ ಈ ಎರಡನೆಯ ನಿಯಮ ಅಡಕವಾಗಿದೆ. ಕಸೂತಿಯ ಹೆಂಗಸರು ಗಣಿತಜ್ಞರಾಗಿದ್ದರೆಂದು ಇದರ ಅರ್ಥವಲ್ಲ. ಅಂತಹ ಅತಿಶಯೋಕ್ತಿ ಅವರ ಕೆಲಸಕ್ಕೆ ಗೌರವವನ್ನೇನೂ ತರುವುದಿಲ್ಲ. ಕೈಕೆಲಸದೊಳಗೆ ಒಂದು ತರ್ಕವಿದೆ, ಆ ತರ್ಕವನ್ನು ‘ರೇಖೆ’ ಎಂಬ ಪದ ಮುಟ್ಟುವುದಿಲ್ಲ ಎಂಬುದಷ್ಟೇ ಇಲ್ಲಿನ ವಾದ.

ಉಳಿದ ಮೂರನ್ನು ಸಂಕ್ಷೇಪವಾಗಿ ಹೇಳಬಹುದು. ಮುರಗಿಯದು ಮೆಟ್ಟಿಲು ಮೆಟ್ಟಿಲಾಗಿ, ಅಂಕುಡೊಂಕಾಗಿ ಸಾಗುವ ಹೊಲಿಗೆ. ಇದು ಕೂಡ ಎರಡು ಮುಖಗಳಲ್ಲಿ ಒಂದೇ ರೀತಿ ಕಾಣುತ್ತದೆ. ನೇಗಿಯಲ್ಲಿ ಹೊಲಿಗೆಯ ಉದ್ದ ಹೆಚ್ಚು ಕಡಿಮೆಯಾಗುತ್ತ ನೇಯ್ದಂತೆಯೇ ತೋರುತ್ತದೆ. ಮೇಲೆ ದಾರವಿದ್ದಲ್ಲಿ ಕೆಳಗೆ ಬಟ್ಟೆ, ಮೇಲೆ ಬಟ್ಟೆಯಿದ್ದಲ್ಲಿ ಕೆಳಗೆ ದಾರ, ಹೀಗೆ ಹಿಂಬದಿಯಲ್ಲಿ ವಿನ್ಯಾಸದ ವಿಲೋಮ ರೂಪ ಮೂಡುತ್ತದೆ. ಮೆಂತೆಯದು ಕತ್ತರಿಯಾಕಾರದ ಹೊಲಿಗೆ. ತೆರಪನ್ನು ತುಂಬುವುದಕ್ಕೆ, ಆಕೃತಿಗೆ ತೂಕ ಕೊಡುವುದಕ್ಕೆ ಅದನ್ನು ಬಳಸುತ್ತಾರೆ. ಪಠ್ಯದ ಭಾಷೆಯಲ್ಲಿ ಗವಂತಿ, ಮುರಗಿಗಳನ್ನು ರೇಖೆಯೆಂದೂ ನೇಗಿಯನ್ನು ಮೈವಳಿಕೆಯೆಂದೂ ಮೆಂತೆಯನ್ನು ಛಾಯೆ ಅಥವಾ ಘನತೆಯೆಂದೂ ಕರೆಯಬಹುದು. ಆದರೆ ಹಾಗೆ ಕರೆದಾಗ ನಾಲ್ಕೂ ಒಂದೇ ಎಳೆಯ, ಒಂದೇ ಎಣಿಕೆಯ ನಾಲ್ಕು ನಡೆಗಳೆಂಬುದು ಮರೆಯಾಗುತ್ತದೆ.

ಈ ನಾಲ್ಕರಲ್ಲಿ ಯಾವುದಕ್ಕೂ ವಕ್ರರೇಖೆ ಸಾಧ್ಯವಿಲ್ಲ. ಅಡ್ಡ, ಉದ್ದ, ಓರೆ, ಇಷ್ಟೇ ದಿಕ್ಕುಗಳು. ಇಷ್ಟರಲ್ಲೇ ನವಿಲು, ಗಿಳಿ, ಅಂಬಾರಿ ಹೊತ್ತ ಆನೆ, ತೇರು, ತೊಟ್ಟಿಲು, ತುಳಸಿಕಟ್ಟೆಗಳು ಮೂಡಬೇಕು. ನವಿಲಿನ ಕೊರಳಿನ ಬಾಗು ಮೆಟ್ಟಿಲಾಗುತ್ತದೆ. ಆ ಮೆಟ್ಟಿಲಿನಲ್ಲಿಯೇ ಕೊರಳನ್ನು ಕಾಣುವ ಕಣ್ಣು ನೋಡುವವರಿಗೂ ಬೇಕು.

ತತ್ವವು ಕ್ರಿಯೆಯಲ್ಲಿ

ವಿನ್ಯಾಸತತ್ವಗಳ ಕಡೆಗೆ ಬಂದರೆ ಈ ಅಂತರ ಇನ್ನೂ ನಿಚ್ಚಳವಾಗುತ್ತದೆ. ಸಮತೋಲನವನ್ನು ಪಠ್ಯಗಳು ಸಮಮಿತೀಯ, ಅಸಮಮಿತೀಯ ಎಂದು ವಿಂಗಡಿಸುತ್ತವೆ. ತುಳಸಿಕಟ್ಟೆಯ ಅಕ್ಕಪಕ್ಕ ಎದುರುಬದುರಾಗಿ ನಿಂತ ಎರಡು ನವಿಲುಗಳನ್ನು ಸಮಮಿತಿಗೆ ಉದಾಹರಣೆಯಾಗಿ ಕೊಡುವುದು ಸುಲಭ. ಆದರೆ ಕಸೂತಿಯಲ್ಲಿ ಎರಡು ಬಗೆಯ ಸಮಮಿತಿಗಳಿವೆ. ಒಂದು ಎಡಬಲಗಳದ್ದು, ಕಣ್ಣಿಗೆ ಕಾಣುವಂಥದ್ದು. ಇನ್ನೊಂದು ಮೇಲುಕೆಳಗಿನದು, ಬಟ್ಟೆಯನ್ನು ತಿರುವಿದಾಗ ಮಾತ್ರ ತಿಳಿಯುವಂಥದ್ದು. ಕಾಗದದ ಮೇಲಿನ ಕಲೆಗೆ ಈ ಎರಡನೆಯದು ಇಲ್ಲವೇ ಇಲ್ಲ, ಆದ್ದರಿಂದ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿಲ್ಲ.

ಪ್ರಮಾಣದ ವಿಷಯವೂ ಹೀಗೆಯೇ. ಆಕೃತಿಯ ಅಳತೆ ಅಂಗುಲದಲ್ಲಿಲ್ಲ, ಎಳೆಯಲ್ಲಿದೆ. ಅದೇ ಎಣಿಕೆಯ ತೇರು ಒರಟು ನೂಲಿನ ಬಟ್ಟೆಯಲ್ಲಿ ದೊಡ್ಡದಾಗುತ್ತದೆ, ನವುರಾದ ಬಟ್ಟೆಯಲ್ಲಿ ಕಿರಿದಾಗುತ್ತದೆ. ಹಾಸಿನ ಎಳೆ ಒತ್ತಾಗಿ, ಹೊಕ್ಕಿನದು ವಿರಳವಾಗಿದ್ದರೆ ತೇರು ಒಂದು ದಿಕ್ಕಿಗೆ ಹಿಗ್ಗುತ್ತದೆ. ಇಳಕಲ್ಲಿನ ನೇಕಾರ ಮತ್ತು ಯರಗಟ್ಟಿಯ ಮನೆಯೊಳಗೆ ಕುಳಿತು ಹೊಲಿಯುವ ಹೆಣ್ಣುಮಗಳು ಒಬ್ಬರನ್ನೊಬ್ಬರು ಕಾಣದೆಯೇ ಒಂದು ಆಕೃತಿಯ ಪ್ರಮಾಣವನ್ನು ಕೂಡಿ ನಿರ್ಧರಿಸುತ್ತಾರೆ.

ಪ್ರಾಧಾನ್ಯ ಎಂಬ ತತ್ವವನ್ನು ಸೀರೆಯ ಮೇಲಿನ ಹಂಚಿಕೆಯಲ್ಲಿ ಕಾಣಬಹುದು. ಸಂಪ್ರದಾಯದ ಸೀರೆಗಳಲ್ಲಿ ದೊಡ್ಡ ಆಕೃತಿಗಳು ಸೆರಗಿನ ಬಳಿ ಇರುತ್ತವೆ. ಅಲ್ಲಿಂದ ದೂರ ಸರಿದಂತೆ ಕ್ರಮೇಣ ಕಿರಿದಾಗುತ್ತ, ಕೊನೆಗೆ ಒಡಲಿನ ಮೇಲೆ ಬಿಡಿಬಿಡಿಯಾದ ಸಣ್ಣ ಚಿಹ್ನೆಗಳಾಗಿ ಉಳಿಯುತ್ತವೆ. ಸೀರೆಯನ್ನು ಹಾಸಿ ನೋಡಿದರೆ ಇದು ಕ್ರಮವಾದ ಇಳಿಕೆಯಂತೆ ಕಾಣುತ್ತದೆ. ಉಟ್ಟಾಗ ಕಾಣುವುದು ಬೇರೆ. ಹೆಗಲು, ಬೆನ್ನುಗಳ ಮೇಲೆ ಬೀಳುವ ಭಾಗಕ್ಕೆ ತೂಕ ಬರುತ್ತದೆ, ನಿರಿಗೆಯೊಳಗೆ ಅಡಗುವ ಭಾಗ ಬರಿದಾಗಿರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಚಪ್ಪಟೆಯಾಗಿ ತೂಗುಹಾಕಿದ ಸೀರೆಯನ್ನು ಆಧರಿಸಿ ವಿನ್ಯಾಸವನ್ನು ವಿವರಿಸುವವರು ಈ ಸಂಗತಿಯನ್ನು ಲಕ್ಷಿಸುವುದು ಕಡಿಮೆ.

ವರ್ಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಪ್ಪು ಅಥವಾ ಕಡುನೀಲಿಯ ನೆಲದ ಮೇಲೆ ಕೆಂಪು, ಕಿತ್ತಳೆ, ಹಸಿರು, ನೇರಳೆ, ಬಿಳಿಯ ರೇಷ್ಮೆ ಎಳೆಗಳು. ವೈದೃಶ್ಯ ಎಂಬ ಪಠ್ಯದ ಮಾತು ಇಲ್ಲಿ ಯಾವ ತೊಡಕೂ ಇಲ್ಲದೆ ಸಲ್ಲುತ್ತದೆ.

ಚಿತ್ರಕಾವ್ಯದೊಡನೆ ಒಂದು ಹೋಲಿಕೆ

ಕಟ್ಟುಪಾಡಿನಿಂದಲೇ ರೂಪ ಹುಟ್ಟುವ ಇಂತಹ ಕ್ರಮಕ್ಕೆ ಅಲಂಕಾರಶಾಸ್ತ್ರದಲ್ಲಿ ಸಮಾನವಾದುದು ಇಲ್ಲದಿಲ್ಲ. ದಂಡಿಯ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಗೋಮೂತ್ರಿಕೆ, ಅರ್ಧಭ್ರಮ, ಸರ್ವತೋಭದ್ರಗಳ ಲಕ್ಷಣಗಳು ಬರುತ್ತವೆ. ಗೋಮೂತ್ರಿಕೆಯಲ್ಲಿ ಓದು ಎರಡು ಸಾಲುಗಳ ನಡುವೆ ಅಂಕುಡೊಂಕಾಗಿ ಸಾಗುತ್ತದೆ. ಮುರಗಿಯ ನಡೆ ಇದೇ. ಗತಪ್ರತ್ಯಾಗತದಲ್ಲಿ ಓದು ಕೊನೆಯವರೆಗೆ ಹೋಗಿ ಹಿಂದಿರುಗುತ್ತದೆ. ಹೆಸರೇ ಗವಂತಿಯನ್ನು ವರ್ಣಿಸುವಂತಿದೆ. ಒಂದರಿಂದ ಇನ್ನೊಂದು ಬಂತೆಂದು ಸಾಧಿಸಲು ಆಧಾರವಿಲ್ಲ, ಅದರ ಅಗತ್ಯವೂ ಇಲ್ಲ. ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಉಪಯುಕ್ತ. ಗತಪ್ರತ್ಯಾಗತದಲ್ಲಿ ಮರಳುವ ಓದಿಗೆ ಸಿಗುವುದು ಮೊದಲೇ ಪೂರ್ಣವಾಗಿದ್ದ ಸಾಲು. ಗವಂತಿಯಲ್ಲಿ ಮರಳುವ ಸೂಜಿ ಬಾರದಿದ್ದರೆ ಸಾಲೇ ಇಲ್ಲ. ಲಾಕ್ಷಣಿಕರು ಚಿತ್ರಕಾವ್ಯವನ್ನು ಅಧಮವೆಂದು ಎಣಿಸಿದ್ದು ಕೌಶಲ ಅಲ್ಲಿ ಅರ್ಥದಿಂದ ಬೇರ್ಪಟ್ಟಿತೆಂಬ ಕಾರಣಕ್ಕೆ. ಕಸೂತಿಯಲ್ಲಿ ಅಂತಹ ಬೇರ್ಪಡೆ ಇಲ್ಲ. ಉಡುವ ಬಟ್ಟೆಗೆ ಎರಡು ಮುಖಗಳಿವೆ, ಸೆರಗು ಗಾಳಿಗೆ ತಿರುವಿದಾಗ ಒಳಮೈಯೂ ಕಾಣುತ್ತದೆ. ಅಲ್ಲಿ ಎಳೆಯ ಜೋತುಬಿದ್ದ ತುಣುಕುಗಳಿದ್ದರೆ ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಕಿತ್ತುಹೋಗುತ್ತವೆ.

ಎಲ್ಲ ಜನಪದ ಸೂಜಿಗೆಲಸಕ್ಕೂ ಎಣಿಕೆಯೇ ಮೂಲವೆಂದು ಸಾಮಾನ್ಯೀಕರಿಸುವಂತಿಲ್ಲ. ಇದೇ ಸೀಮೆಯ ಮನೆಮನೆಗಳಲ್ಲಿ ಹಳೆಯ ಸೀರೆ, ಧೋತರಗಳಿಂದ ಹೊಲಿಯುವ ಕೌದಿಗೆ ಎಣಿಕೆಯ ಹಂಗಿಲ್ಲ. ಕಿತ್ತೂರಿನ ದಕ್ಷಿಣಕ್ಕೆ ಕಾಡಿನಂಚಿನ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯಲ್ಲಿ ಕೆಲಸ ಅಂಚಿನಿಂದ ಆರಂಭವಾಗಿ ನಡುವಿನ ಕಡೆಗೆ ಸುತ್ತುತ್ತ ಬರುತ್ತದೆ. ಅಲ್ಲಿ ಎಡಬಲಗಳ ಪ್ರತಿಬಿಂಬವಿಲ್ಲ. ಒಂದು ಕಡೆಯ ದೊಡ್ಡ ಕೆಂಪು ತುಂಡಿಗೆ ಮತ್ತೊಂದು ಕಡೆಯ ಮೂರು ಚಿಕ್ಕ ತುಂಡುಗಳು ಸರಿದೂಗುತ್ತವೆ. ಸಿಕ್ಕ ಬಟ್ಟೆಯ ತುಂಡೇ ಅದರ ಮೂಲಾಂಶ. ಎಂದರೆ ಪ್ರತಿಯೊಂದು ಕಲೆಯೂ ತನ್ನ ಮೂಲಾಂಶವನ್ನು ತನ್ನ ಸಾಮಗ್ರಿ ಮತ್ತು ಕ್ರಿಯೆಯಿಂದ ಪಡೆಯುತ್ತದೆ. ಬೌಹೌಸ್‌ನ ನೇಯ್ಗೆ ವಿಭಾಗದಲ್ಲಿ ಕಲಿತ ಆನಿ ಆಲ್ಬರ್ಸ್ 1965ರಲ್ಲಿ ನೇಯ್ಗೆಯನ್ನು ಕುರಿತು ಬರೆದ ಗ್ರಂಥದಲ್ಲಿ ಹೊರಡುವುದು ಕೂಡ ಎಳೆಯಿಂದ, ಬಿಂದುವಿನಿಂದಲ್ಲ. ಆ ಪ್ರಗತಿಪರ ಶಾಲೆಯಲ್ಲಿಯೂ ಹೆಂಗಸರನ್ನು ಹೆಚ್ಚಾಗಿ ನೇಯ್ಗೆಯ ವಿಭಾಗಕ್ಕೇ ಕಳುಹಿಸಲಾಗುತ್ತಿತ್ತೆಂಬುದು ಜೊತೆಗೆ ನೆನೆಯತಕ್ಕ ಮಾತು.

ಪಟ್ಟಿಗೆ ಕಾಣದ ವ್ಯತ್ಯಾಸ

ಈ ಚರ್ಚೆ ಪರಿಭಾಷೆಯ ಮಟ್ಟದಲ್ಲೇ ನಿಲ್ಲುವಂಥದ್ದಲ್ಲ. ಇಂದು ಪೇಟೆಯಲ್ಲಿ ‘ಕಸೂತಿ ಸೀರೆ’ ಎಂಬ ಹೆಸರಿನಲ್ಲಿ ಮೂರು ಬಗೆಯ ವಸ್ತುಗಳು ದೊರೆಯುತ್ತವೆ: ಎಳೆ ಎಣಿಸಿ ಕೈಯಿಂದ ಹೊಲಿದದ್ದು, ಯಂತ್ರದಿಂದ ಹೊಲಿದದ್ದು, ಬರಿಯ ಅಚ್ಚು ಒತ್ತಿದ್ದು. ಅಚ್ಚಿನ ಗೋಪುರವನ್ನು ಮೂಲಾಂಶ–ತತ್ವಗಳ ಪಟ್ಟಿಯಿಂದ ಪರೀಕ್ಷಿಸಿದರೆ ಅದರಲ್ಲಿ ರೇಖೆ ಇದೆ, ಆಕಾರವಿದೆ, ವರ್ಣವೈದೃಶ್ಯವಿದೆ, ಸಮತೋಲನ, ಲಯ, ಏಕತೆ ಎಲ್ಲವೂ ಇವೆ. ಕೈಹೊಲಿಗೆಯ ಗೋಪುರಕ್ಕೆ ಸಿಗುವಷ್ಟೇ ಅಂಕಗಳು ಅದಕ್ಕೂ ಸಿಗುತ್ತವೆ. ಎರಡರ ವ್ಯತ್ಯಾಸವನ್ನು ಹೇಳಲಾರದ ವಿಶ್ಲೇಷಣಾ ಕ್ರಮವು ಆ ಕಲೆಯ ಯಾವ ಅಂಶವನ್ನು ವಿಶ್ಲೇಷಿಸಿದಂತಾಯಿತು? ಮುದ್ರಿತ ಸೀರೆಯ ಪಕ್ಕದಲ್ಲಿಟ್ಟು ಕೈಹೊಲಿಗೆಯ ಬೆಲೆಯನ್ನು ಚೌಕಾಸಿ ಮಾಡುವ ಗ್ರಾಹಕ ಈ ಪಠ್ಯವನ್ನು ಓದಿರಲಾರ; ಆದರೆ ಅವನ ನೋಟವೂ ಪಠ್ಯದ ನೋಟವೂ ಒಂದೇ. ಎರಡಕ್ಕೂ ಬೇಕಾದದ್ದು ಮೇಲ್ಮುಖ ಮಾತ್ರ. ಇದರ ನಷ್ಟ ಬೀಳುವುದು ಹೊಲಿಯುವವಳ ದಿನದ ದುಡಿಮೆಯ ಮೇಲೆ.

1999ರಲ್ಲಿ ರೂಪುಗೊಂಡು 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಕಸೂತಿಯೂ ಇಳಕಲ್ ಸೀರೆಯೂ ನೋಂದಣಿ ಪಡೆದಿವೆ. ಹೆಸರಿನ ರಕ್ಷಣೆಗೆ ಇದು ನೆರವಾಗಬಲ್ಲುದು. ಹೆಸರಿನ ಹಿಂದಿರುವ ಕ್ರಿಯೆಯ ವಿವರಣೆಯನ್ನು ಭಾಷೆಯೇ ಕೊಡಬೇಕು. ಆ ಹೊಣೆ ಕನ್ನಡ ವಿಭಾಗಗಳಿಗೂ ಸೇರಿದೆ. ಜಾನಪದ ಕೋಶಗಳಲ್ಲಿ, ವೃತ್ತಿಪದಗಳ ಸಂಗ್ರಹಗಳಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆಗಳನ್ನು ‘ಒಂದು ಬಗೆಯ ಹೊಲಿಗೆ’ ಎಂಬ ಅರ್ಥ ಕೊಟ್ಟು ಮುಗಿಸುವುದು ಸಾಲದು. ಆ ಅರ್ಥದಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದೂ ಸಾಧ್ಯವಾಗದು. ಸೂಜಿ ಹೇಗೆ ಹೋಗುತ್ತದೆ, ಹೇಗೆ ಬರುತ್ತದೆ, ಹಿಂಬದಿಯಲ್ಲಿ ಏನು ಉಳಿಯುತ್ತದೆ ಎಂಬ ಮೂರು ಮಾಹಿತಿಗಳಿದ್ದರೆ ಪದ ಪಾರಿಭಾಷಿಕವಾಗುತ್ತದೆ. ಗವಂತಿಯ ಹಿಂಬದಿಯಲ್ಲಿ ಅದೇ ಆಕೃತಿ, ನೇಗಿಯ ಹಿಂಬದಿಯಲ್ಲಿ ಅದರ ವಿಲೋಮ. ಮೆಂತೆಯ ಮೇಲ್ಮುಖದ ಕತ್ತರಿ ಹಿಂಬದಿಯಲ್ಲಿ ಕತ್ತರಿಯಾಗಿ ಉಳಿಯುವುದಿಲ್ಲ, ಬೇರೊಂದು ಹೆಣಿಗೆಯಾಗುತ್ತದೆ. ಅಚ್ಚಿನ ಸೀರೆಯ ಹಿಂಬದಿಯಲ್ಲಿ ಕಾಣುವುದು ಇಳಿದ ಬಣ್ಣದ ಮಸುಕು.